ಕಲ್ಲುಸಕ್ಕರೆ ಕರಗುವ ತನಕ

ತುಂಗಭದ್ರೆಯ ದಂಡೆಯ ಮಠಕ್ಕೆ ಸ್ಪೇನ್ ದೇಶದಿಂದ ಪಿಲಾರ್ ಎಂಬ ಹೆಂಗಸು ಕನ್ನಡ ಕಲಿಯಲು ಬಂದಿದ್ದಳು. ಕಲಿಸುವ ಹೊಣೆ ಶಿಷ್ಯ ಕೊಟ್ರೇಶನ ಹೆಗಲಿಗೆ ಬಿತ್ತು.

‘ನಕ್ಕೆ’ ಅನ್ನುವಲ್ಲಿ ಅವಳು ‘ನಗಿದೆ’ ಅನ್ನುತ್ತಿದ್ದಳು. ‘ಕೊಟ್ಟೆ’ ಅನ್ನುವಲ್ಲಿ ‘ಕೊಡಿದೆ’. ಕೊಟ್ರೇಶನಿಗೆ ಮೈ ಉರಿಯುತ್ತಿತ್ತು. ಐದು ಕ್ರಿಯಾಪದ ತಪ್ಪಿಲ್ಲದೆ ಒಪ್ಪಿಸಿದರಷ್ಟೇ ಪಂಕ್ತಿಯಲ್ಲಿ ಅವಳ ತಟ್ಟೆಗೆ ಬಡಿಸಬೇಕೆಂದು ಕಟ್ಟಪ್ಪಣೆ ಮಾಡಿದ.

ಎರಡು ದಿನ ಅವಳು ಪಂಕ್ತಿಗೇ ಬರಲಿಲ್ಲ. ಮೂರನೆಯ ಬೆಳಿಗ್ಗೆ ಚೀಲ ಕಟ್ಟಿಕೊಂಡು ನದಿಯ ಮೆಟ್ಟಿಲ ಮೇಲೆ ಕೂತಿದ್ದಳು. ಹತ್ತೂವರೆಗೆ ಬಸ್ಸು.

ಕೊಟ್ರೇಶ ಅದನ್ನು ಕಂಡ. ಮಠಕ್ಕೆ ಬಂದವರು ಹಸಿದು ಹೋದರೆಂಬ ಮಾತು ತನ್ನಿಂದಲೇ ಬರಬೇಕೆ? ಗುರುಗಳ ಬಳಿ ಓಡಿದ.

“ಅಜ್ಜಾರ, ಆಕಿ ಹೊಂಟಾಳ್ರೀ. ನನ್ನಿಂದನ ಹೊಂಟಾಳ್ರೀ.”

“ಏನ್ ಮಾಡಿದ್ಯೋ?”

“ತಪ್ಪು ತಿದ್ದೀನ್ರಿ. ಅಷ್ಟ.”

ಗುರುಗಳು ದೊಡ್ಡದೊಂದು ಕಲ್ಲುಸಕ್ಕರೆಯ ತುಂಡು ತಂದು ಅವನ ಬಾಯಿಗಿಟ್ಟರು. “ಕರಗೋತನಕ ಬಾಯಿ ತೆರೀಬ್ಯಾಡ. ಕಡದೀ ಅಂದ್ರ ನೋಡು.”

ಅವನನ್ನು ಕರೆದುಕೊಂಡು ಹೋಗಿ ಪಿಲಾರಳ ಪಕ್ಕದಲ್ಲಿ ಕೂತರು. “ನಿಮ್ಮವ್ವ ಹೆಂಗಿದ್ಲು, ಯವ್ವಾ?”

ಅವಳು ಅಂಜುತ್ತಲೇ ಕೊಟ್ರೇಶನ ಕಡೆ ನೋಡಿದಳು. ಅವನ ಕೆನ್ನೆ ಉಬ್ಬಿತ್ತು. ಮೆಲ್ಲಗೆ ಶುರುಮಾಡಿದಳು.

“ಅವ್ವ ರೊಟ್ಟಿ ಅಂಗಡಿ ಇಡಿದಳು. ಹಸಿದವರಿಗೆ ಸುಮ್ಮನೆ ಕೊಡಿದಳು. ತುಂಬ ನಗಿದಳು.”

“ನಕ್ಕಳಾ?”

“ನಕ್ಕಳು, ನಕ್ಕಳು!”

ಕೊಟ್ರೇಶ ತಪ್ಪಿಗೊಂದು ಬೆರಳು ಮಡಚುತ್ತಾ ಹೋದ. ನಾಲಿಗೆ ತುರಿಸುತ್ತಿತ್ತು, ಬಾಯಿ ತೆರೆಯುವಂತಿಲ್ಲ. ಅವಳು ಬಹಳ ಹೊತ್ತು ಮಾತಾಡಿದಳು. ಕೊನೆಗೆ ಬಿಕ್ಕಿ ಬಿಕ್ಕಿ ಅತ್ತು, ಮುಖ ತೊಳೆಯಲು ನೀರಿಗಿಳಿದಳು.

ಅಷ್ಟರಲ್ಲಿ ಕಲ್ಲುಸಕ್ಕರೆ ಕರಗಿತ್ತು.

“ಹತ್ತೊಂಬತ್ತು ತಪ್ಪು, ಅಜ್ಜಾರ! ನೀವು ತಿದ್ದಿದ್ದು ಒಂದ ಒಂದು.”

“ಹೌದೇನು? ಅವರವ್ವ ತೀರಿಕೊಂಡ ದಿನ ಈಕಿ ಎಲ್ಲಿದ್ಲು?”

ಕೊಟ್ರೇಶ ನೆನಪಿನಲ್ಲಿ ತಡಕಾಡಿದ. ಸಿಕ್ಕಿದ್ದು ಮಡಚಿದ ಬೆರಳುಗಳಷ್ಟೇ. ಅವಳಾಗಲೇ ಚೀಲ ಹೆಗಲಿಗೇರಿಸಿ ರಸ್ತೆಯತ್ತ ಹೊರಟಿದ್ದಳು.

“ಗೊತ್ತಿಲ್ರೀ,” ಅಂದ.

“ಹಂಗಾದ್ರ ಓಡು. ಬಸ್ ಬರೋದ್ರೊಳಗ, ನನಗ ಇನ್ನೊಂದ್ಸಲ ಹೇಳವ್ವಾ ಅಂತ ಬೇಡ್ಕೋ.”