ಬಾಯಿಲ್ಲದ ಪರದೆ

“ಗುರುಗಳೇ, ತಪ್ಪು ಒಪ್ಪಿಕೊಂಡ ಮೇಲೂ ಮುರಿದ ಸ್ನೇಹ ಯಾಕೆ ಕೂಡುವುದಿಲ್ಲ?” ಎಂದು ಗುರುಶಾಂತ ಕೇಳಿದ.

ಕಂಪ್ಯೂಟರ್ ರಿಪೇರಿ ಕಲಿಸುವ ಚೆನ್ನಮಲ್ಲಯ್ಯನವರ ಬಳಿ ಅವನೂ ಹನುಮೇಶನೂ ಒಟ್ಟಿಗೆ ಕಲಿಯುತ್ತಿದ್ದರು. ತಾನು ಕೆಡಿಸಿದ ಯಂತ್ರವನ್ನು ಹನುಮೇಶ ಕೆಡಿಸಿದನೆಂದು ಗುರುಶಾಂತ ಎಲ್ಲರೆದುರು ಹೇಳಿಬಿಟ್ಟಿದ್ದ. ಅಂದಿನಿಂದ ಹನುಮೇಶ ಬರುವುದನ್ನೇ ಬಿಟ್ಟ.

“ತಪ್ಪು ನನ್ನದೇ ಅಂತ ಜೊತೆಯವರಿಗೆಲ್ಲ ಹೇಳಿದೆ. ಅವನ ಸೋದರಮಾವನಿಗೂ ಹೇಳಿದೆ. ಇಂಥ ಗೆಳೆಯ ಇನ್ನೊಬ್ಬ ನನಗೆ ಸಿಗುವುದಿಲ್ಲ.”

ಗುರುಗಳು ಕೈಯಲ್ಲಿದ್ದ ತಿರುಪುಳಿ ಕೆಳಗಿಟ್ಟರು.

“ಒಬ್ಬ ಗಮಕಿ ಇದ್ದ. ಇದು ನನ್ನ ಕಣ್ಣೆದುರೇ ನಡೆದದ್ದು. ಕಣ್ಣೆದುರಲ್ಲದಿದ್ದರೆ ಪಕ್ಕದ ಬೀದಿಯಲ್ಲಿ. ಅಲ್ಲಿಯೂ ನಡೆದಿಲ್ಲವಾದರೆ ಇನ್ನು ಮುಂದೆ ನಡೆದೀತು, ಕೇಳು” ಎಂದರು.

ಗಮಕಿಯ ತಂದೆ ತೀರಿಕೊಂಡಿದ್ದರು. ಅವರ ವಾಚನ ಕಂಪ್ಯೂಟರಿನಲ್ಲಿ ಉಳಿದಿತ್ತು. ತಾಯಿ ಮಧ್ಯಾಹ್ನದ ರೈಲಿಗೆ ಕಾಶಿಗೆ ಹೊರಟವಳು, ಹೋಗುವ ಮುನ್ನ ಒಮ್ಮೆ ಆ ದನಿ ಕೇಳಬೇಕೆಂದಳು. ಹಿಂದಿನ ದಿನವಷ್ಟೇ ಗಮಕಿ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದ್ದ. ಚಿತ್ರ ಕನ್ನಡಿಯಂತೆ ಬಂತು. ದನಿ ಬರಲಿಲ್ಲ.

ಯಂತ್ರದೊಳಗೆ ಕರ್ನೆಲ್ ಎಂಬ ಪಾರುಪತ್ಯಗಾರನಿದ್ದಾನೆ. ಬಿಡಿಭಾಗಗಳೊಡನೆ ಮಾತಾಡಲು ಡ್ರೈವರುಗಳು ಅವನ ದುಭಾಷಿಗಳು. ದುಭಾಷಿಯದೇ ತಪ್ಪೆಂದು ಗಮಕಿ ಡ್ರೈವರನ್ನು ಕಿತ್ತು ಮತ್ತೆ ಹಾಕಿದ. ಪಾರುಪತ್ಯಗಾರನನ್ನೇ ಬದಲಿಸಿದ. ಹೊಸಬನಿಂದಲೂ ಆಗದೆ ಹಳಬನನ್ನು ಕರೆತಂದ. ಯಾರೋ ಎಲ್ಲೋ ಬರೆದಿಟ್ಟ ಆಜ್ಞೆಗಳನ್ನು ಅರ್ಥ ತಿಳಿಯದೆ ತಂದು ಅಂಟಿಸಿದ. ನಡುನಡುವೆ ವಾಲ್ಯೂಮ್ ಏರಿಸುತ್ತಲೇ ಹೋದ. ಕೇಳಿದಾಗಲೆಲ್ಲ ಕರ್ನೆಲ್ ಎಲ್ಲಿಯೂ ದೋಷವಿಲ್ಲವೆಂದೇ ಹೇಳಿದ. ಪರದೆಯ ಮೇಲೆ ದನಿ ಅಳೆಯುವ ಗೆರೆಯೂ ಕುಣಿಯುತ್ತಲೇ ಇತ್ತು.

ತಾಯಿ ಗಂಟು ಕಟ್ಟಿಕೊಂಡು ಬಂದು ಕೂತಳು. “ಬಿಡೋ ಅತ್ಲಾಗೆ. ಬದುಕಿದ್ದಾಗಲೂ ಕರೆದರೆ ಓ ಅಂತಿರಲಿಲ್ಲ ನಿಮ್ಮಪ್ಪ.”

“ಅಪ್ಪ ಹಾಡ್ತಾನೇ ಇದಾರೆ ಕಣಮ್ಮಾ. ಈ ಗೆರೆ ನೋಡು.”

“ಹಾಡ್ತಿದ್ರೆ ಯಾರ ಮನೇಲಿ ಹಾಡ್ತಿದಾರೆ? ಅದನ್ನ ಹೇಳು.”

ಗಮಕಿಯ ಕೈ ನಿಂತಿತು. ಏನು ಕೆಟ್ಟಿದೆ ಎಂದು ಹುಡುಕಿದ್ದನೇ ಹೊರತು, ದನಿ ಎಲ್ಲಿಗೆ ಹೋಗುತ್ತಿದೆ ಎಂದು ಅವನು ನೋಡಿರಲಿಲ್ಲ. ಈಗ ನೋಡಿದ. ಚಿತ್ರದ ಕಾರ್ಡಿನ ಹೊಟ್ಟೆಯಲ್ಲೂ ದನಿ ಕಳಿಸುವ ಬಾಗಿಲೊಂದಿತ್ತು. ಹೊಸ ನೆಂಟನೆಂದು ಕರ್ನೆಲ್ ಅದಕ್ಕೇ ಮೊದಲ ಮಣೆ ಹಾಕಿದ್ದ. ಹಾಡೆಲ್ಲ ಚಿತ್ರದ ತಂತಿ ಹಿಡಿದು ಪರದೆಗೆ ಹೋಗುತ್ತಿತ್ತು. ಗಮಕಿ ಪರದೆಯ ಬೆನ್ನು ಸವರಿದ. ಸ್ಪೀಕರಿನ ಒಂದು ತೂತೂ ಕೈಗೆ ಸಿಗಲಿಲ್ಲ.

ಡ್ರೈವರಿಗೆ ಕೈ ಹಚ್ಚಲಿಲ್ಲ. ದನಿಯನ್ನು ಸ್ಪೀಕರಿಗೆ ಹೋಗುವ ಹಳೆಯ ಬಾಗಿಲಿಗೆ ತಿರುಗಿಸಿದ, ಅಷ್ಟೇ. ಏರಿಸಿಟ್ಟ ವಾಲ್ಯೂಮಿನಲ್ಲಿ ತಂದೆಯ ಕಂಠ ಒಮ್ಮೆಲೇ ಮೊಳಗಿತು. ಸೂರಿನ ಪಾರಿವಾಳಗಳು ಹಾರಿದವು. ತಾಯಿ ಕಿವಿ ಮುಚ್ಚಲಿಲ್ಲ. ರೈಲಿಗೆ ಹೊತ್ತಾಯಿತೆಂದು ಯಾರೂ ಹೇಳಲಿಲ್ಲ.

ಗುರುಗಳು ಕತೆ ನಿಲ್ಲಿಸಿ ಮತ್ತೆ ತಿರುಪುಳಿ ಎತ್ತಿಕೊಂಡರು.

ಗುರುಶಾಂತ ನಿಟ್ಟುಸಿರಿಟ್ಟ. “ಹನುಮೇಶನಿಗೆ ಹಾಗೆ ಮಾಡಬಾರದಿತ್ತು ಗುರುಗಳೇ. ಊಟ ಸೇರುತ್ತಿಲ್ಲ. ಮನಸ್ಸಿನಲ್ಲಿದ್ದದ್ದನ್ನೆಲ್ಲ ಹೇಳಿಬಿಟ್ಟೆ, ಇನ್ನೇನೂ ಉಳಿದಿಲ್ಲ.”

“ಅದನ್ನ ನನ್ನ ಮುಂದೆ ಯಾಕೆ ಹೇಳ್ತಾ ಕೂತಿದೀಯಪ್ಪಾ?” ಎಂದರು ಗುರುಗಳು.

ಗುರುಶಾಂತ ಎದ್ದು ಹನುಮೇಶನ ಮನೆಯ ಕಡೆ ಹೊರಟ.