ಪೊಟ್ಟಣದ ಮೇಲಿನ ಮುದ್ರೆ

“ಮೇಷ್ಟ್ರೇ, ಜಾಲತಾಣದ ಸರ್ವರ್ ಇರುವುದು ನನ್ನ ಕಂಪ್ಯೂಟರಿನೊಳಗೇ. ನೋಡುವವರು ನಾನು, ನಮ್ಮಕ್ಕ ಇಬ್ಬರೇ. ಅದಕ್ಕೂ ಸುರಕ್ಷಿತ ಸಂಪರ್ಕ, ಪ್ರಮಾಣಪತ್ರ ಎಲ್ಲ ಸರಿಯಾಗಿ ಇರಬೇಕೆ?” ಎಂದು ಶಿಷ್ಯ ತಿಪ್ಪೇಶ ಕೇಳಿದ.

ಅವನು ಅಕ್ಕನ ಮಹಿಳಾ ಸಂಘಕ್ಕೆ ಜಾಲತಾಣ ಕಟ್ಟುತ್ತಿದ್ದ. ಕಟ್ಟಿದಷ್ಟನ್ನು ಅಕ್ಕ ದಿನವೂ ಅವನ ಕಂಪ್ಯೂಟರಿನಲ್ಲೇ ತೆರೆದು ನೋಡುತ್ತಿದ್ದಳು. ತಾಣದ ಗುರುತು ಹೇಳುವ ಪ್ರಮಾಣಪತ್ರ ಸರಿ ಇಲ್ಲದ್ದರಿಂದ, ತೆರೆದಾಗಲೆಲ್ಲ ಬ್ರೌಸರ್ ಕೆಂಪು ಎಚ್ಚರಿಕೆ ತೋರಿಸುತ್ತಿತ್ತು: ಇದು ಯಾರದೋ ಗೊತ್ತಿಲ್ಲ, ನಂಬಬೇಡಿ. “ಅದು ನಮ್ಮದೇ ಕಣಕ್ಕ, ಒತ್ತಿ ಮುಂದೆ ಹೋಗು” ಎಂದು ತಿಪ್ಪೇಶನೇ ಹೇಳಿಕೊಟ್ಟಿದ್ದ.

“ಎಲಾ ಇವನ! ಹೇಳಿಕೊಟ್ಟದ್ದನ್ನು ಹೆಮ್ಮೆಯಿಂದ ಬೇರೆ ಹೇಳುತ್ತೀಯಲ್ಲ” ಎಂದರು ಗುರು ಕೊಟ್ರಯ್ಯ. “ಕೂತು ಕೇಳು.”

ಒಬ್ಬ ವೈದ್ಯನಿದ್ದ. ಔಷಧಿಯ ಪುಡಿಯನ್ನು ಪೊಟ್ಟಣ ಕಟ್ಟಿ, ಅರಗು ಹಚ್ಚಿ, ತನ್ನ ಮುದ್ರೆ ಒತ್ತಿ ಕಳಿಸುತ್ತಿದ್ದ. “ಮುದ್ರೆ ಇಲ್ಲದ್ದನ್ನು ನನ್ನ ಹೆಸರು ಹೇಳಿ ಕೊಟ್ಟರೂ ಮುಟ್ಟಬೇಡಿ” ಎಂದು ರೋಗಿಗಳಿಗೆಲ್ಲ ಹೇಳಿದ್ದ. ಜಾಣನೇ, ಇಲ್ಲ ಎನ್ನುವುದಿಲ್ಲ.

ಮನೆಯವರಿಗೆ ಮಾತ್ರ ಬರೀ ಪೊಟ್ಟಣ. ಮೊದಲ ಸಲ ಹೆಂಡತಿ ಕೇಳಿದಳು, “ಮುದ್ರೆ ಎಲ್ಲಿ?”

“ಅಯ್ಯೋ ಮಾರಾಯ್ತಿ, ಪಡಸಾಲೆಯಿಂದ ಅಡುಗೆಮನೆಗೆ ಬರುವುದಕ್ಕೂ ಮುದ್ರೆಯೇ? ನಮ್ಮದೇ, ತೆಗೆದುಕೋ” ಎಂದು ನಕ್ಕ. ಅವಳು ಮತ್ತೆ ಕೆಲವು ಸಲ ಕೇಳಿದಳು. ಆಗಲೂ ನಕ್ಕ. ಆಮೇಲೆ ಅವಳು ಕೇಳುವುದನ್ನೇ ಬಿಟ್ಟಳು.

ಒಂದು ದಿನ ಅವರ ಮಗುವಿಗೆ ಜ್ವರ ಬಂತು. ವೈದ್ಯ ಬೇರೆ ಊರಿಗೆ ಹೊರಟಿದ್ದ. “ಔಷಧಿ ಪಡಸಾಲೆಯ ಕಟ್ಟೆಯ ಮೇಲಿದೆ, ಸಂಜೆ ಜೇನಿನಲ್ಲಿ ಕಲಸಿ ಕೊಡು” ಎಂದು ಹೇಳಿ ಹೋದ. ಮಧ್ಯಾಹ್ನ ಗಿಡಮೂಲಿಕೆ ಮಾರುವವನು ಬಂದ. ಹೆಂಡತಿ ಹಿತ್ತಿಲಲ್ಲಿದ್ದಳು. ಅವನು ವೈದ್ಯ ತರಲು ಹೇಳಿದ್ದ ಪೊಟ್ಟಣವನ್ನು ಅದೇ ಕಟ್ಟೆಯ ಮೇಲಿಟ್ಟು ಹೋದ. ಅದರಲ್ಲಿದ್ದದ್ದು ಇನ್ನೂ ಶುದ್ಧಿ ಮಾಡದ ವಿಷದ ಬೇರಿನ ಪುಡಿ.

ಸಂಜೆ ಅವಳ ಕೈಗೆ ಸಿಕ್ಕಿದ್ದು ಆ ಪೊಟ್ಟಣವೇ. ಕಲಸಿದಳು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡಳು. ಅಷ್ಟರಲ್ಲಿ ಬಾಗಿಲಿಗೆ ಒಬ್ಬ ಮುದುಕಿ ಬಂದಳು, ತನ್ನ ಕೆಮ್ಮಿನ ಔಷಧಿಗೆಂದು. ಬಿಚ್ಚಿದ ಪೊಟ್ಟಣ ನೋಡಿ, “ತಾಯಿ, ಇದಕ್ಕೆ ಮುದ್ರೆ ಎಲ್ಲಿ?” ಎಂದಳು.

ಬೆರಳು ಮಗುವಿನ ತುಟಿಯ ಹತ್ತಿರ ನಿಂತಿತು. ಆಗ ಮಾತ್ರ ತಾಯಿ ಪೊಟ್ಟಣವನ್ನು ಬೆಳಕಿಗೆ ಹಿಡಿದು ನೋಡಿದಳು. ಅದು ಗಂಡ ಕಟ್ಟಿದ ಪೊಟ್ಟಣವಲ್ಲ ಎಂದು ಗೊತ್ತಾಗಿ, ಕಲಸಿದ್ದನ್ನೆಲ್ಲ ಚೆಲ್ಲಿದಳು.

ರಾತ್ರಿ ಬಂದ ವೈದ್ಯ ವಿಷಯ ಕೇಳಿ ಮಗುವನ್ನು ಎತ್ತಿ ಅಪ್ಪಿಕೊಂಡ. ಆದರೂ ಬಾಯಿ ಸುಮ್ಮನಿರಬೇಕಲ್ಲ! “ಒಂದು ಸಲ ಸರಿಯಾಗಿ ನೋಡಬಾರದಿತ್ತೇ?” ಎಂದು ಬೈದ.

“ನೋಡುತ್ತಿದ್ದೆ. ಆ ಅಭ್ಯಾಸ ಬಿಡಿಸಿದವರು ನೀವು” ಎಂದು ಹೆಂಡತಿ ಅತ್ತಳು.

ಮರುದಿನವೇ ವೈದ್ಯ ಮನೆಗೆಂದು ಬೇರೆ ಮುದ್ರೆ ಮಾಡಿಸಿದ. ಮನೆಯವರಿಗೆಲ್ಲ ಅದರ ಗುರುತು ತೋರಿಸಿದ. ಅದು ಹೊಸ್ತಿಲು ದಾಟದಂತೆ, ಅಚ್ಚು ಯಾರ ಕೈಗೂ ಸಿಗದಂತೆ ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟ. ಆದರೂ ಹೆಂಡತಿ ಬಹಳ ಕಾಲ ಮುದ್ರೆ ನೋಡದೆಯೇ ಪೊಟ್ಟಣ ಬಿಚ್ಚುತ್ತಿದ್ದಳು. ಬಿಚ್ಚಿದ ಮೇಲೆ ನೆನಪಾಗಿ, ಒಡೆದ ಅರಗಿನ ಚೂರುಗಳನ್ನು ಜೋಡಿಸಿ ನೋಡುತ್ತಿದ್ದಳು.

ಕತೆ ಮುಗಿಯಿತು. ತಿಪ್ಪೇಶ ಹಗುರಾದವನಂತೆ ಎದ್ದ.

“ಗೊತ್ತಾಯಿತು ಮೇಷ್ಟ್ರೇ. ನನ್ನ ಕಂಪ್ಯೂಟರಿಗೆ ಮಾತ್ರ ಸಲ್ಲುವ ಪ್ರಮಾಣಪತ್ರ ಮಾಡಿ, ಬ್ರೌಸರಿಗೆ ಅದರ ಗುರುತು ಹೇಳುತ್ತೇನೆ. ಮುದ್ರೆಯ ಅಚ್ಚಿನಂಥ ಅದರ ಗುಟ್ಟಿನ ಕೀಲಿಯನ್ನು ಯಾರಿಗೂ ಕೊಡುವುದಿಲ್ಲ. ಒಂದು ಗಳಿಗೆಯ ಕೆಲಸ.”

“ಬ್ರೌಸರಿಗೆ ಒಂದು ಗಳಿಗೆ ಸಾಕು ಕಣಪ್ಪ. ಆದರೆ ಸಂಘದ ಬ್ಯಾಂಕ್ ಖಾತೆಯನ್ನು ಮೊಬೈಲಿನಲ್ಲಿ ತೆರೆಯುವ ನಿಮ್ಮಕ್ಕನಿಗೆ, ಕೆಂಪು ಕಂಡರೆ ನಿಲ್ಲಬೇಕು ಎಂದು ಮತ್ತೆ ಕಲಿಸಲು ಎಷ್ಟು ಕಾಲ ಬೇಕು?” ಎಂದರು ಗುರು.

ಎದ್ದಿದ್ದ ತಿಪ್ಪೇಶ ಮತ್ತೆ ಕೂತ.