ಹೆಳವ ದಿನವೂ ಒತ್ತಿದ ಗುಂಡಿ

“ಗುರುಗಳೇ, ತಿಳಿದರೆ ಎದೆ ಒಡೆಯುವಂಥ ಸಂಗತಿಯನ್ನು ತಿಳಿಯದೆ ಇರುವುದೇ ಮೇಲಲ್ಲವೇ?” ಎಂದು ಶಿಷ್ಯನೊಬ್ಬ ಕೇಳಿದನು.

ಗುರುಗಳು ಈ ಕತೆ ಹೇಳಿದರು.

ಒಬ್ಬ ಹೆಳವನಿದ್ದನು. ಎತ್ತಿನ ಮೇಲೆ ಕುಳಿತು ಊರೂರು ತಿರುಗಿ, ಮನೆಮನೆಯ ವಂಶಾವಳಿ ಹೇಳುವುದು ಅವನ ಕುಲದ ಕಸುಬು. ಮುನ್ನೂರು ಮನೆಗಳ ಹಿರಿಯರ ಹೆಸರುಗಳು ಅವನ ಪುಸ್ತಕಗಳಲ್ಲಿದ್ದವು. ಗೆದ್ದಲಿಗೆ ಹೆದರಿ ಅವನು ಒಂದು ಕಂಪ್ಯೂಟರ್ ಕೊಂಡನು. ಎರಡು ವರ್ಷ ಕುಳಿತು ಎಲ್ಲ ಹೆಸರುಗಳನ್ನೂ ಅದರಲ್ಲಿ ಬರೆದನು. ಹೊಸ ಪ್ರತಿ ಮುಗಿದ ದಿನ ಹಳೆಯದಕ್ಕೆ ಪೂಜೆ ಮಾಡಿ ಹೊಳೆಗೆ ಬಿಡುವುದು ಅವನ ಮನೆತನದ ಪದ್ಧತಿ. ಪದ್ಧತಿ ತಪ್ಪಬಾರದೆಂದು ಪುಸ್ತಕಗಳನ್ನೆಲ್ಲ ಹೊಳೆಗೆ ಬಿಟ್ಟನು. ಭಕ್ತಿ ಮುಂದೆ ಓಡಿತು, ಬುದ್ಧಿ ದಡದಲ್ಲೇ ಉಳಿಯಿತು.

ಕೆಲವು ತಿಂಗಳ ಮೇಲೆ ಒಂದು ಬೆಳಿಗ್ಗೆ ಕಂಪ್ಯೂಟರ್ ಚಾಲು ಮಾಡಿದಾಗ, ಕಪ್ಪು ಪರದೆಯ ಮೇಲೆ ಇಂಗ್ಲಿಷಿನ ನಾಲ್ಕು ಸಾಲು ಮೂಡಿ ನಿಂತವು. ಹೆಳವನಿಗೆ ಇಂಗ್ಲಿಷ್ ಬಾರದು. ಸಿಕ್ಕ ಗುಂಡಿಗಳನ್ನೆಲ್ಲ ಒತ್ತುತ್ತ ಹೋದನು. ಕೀಲಿಮಣೆಯ ಮೇಲಿನ ಸಾಲಿನ ಒಂದು ಗುಂಡಿ ಒತ್ತಿದೊಡನೆ ಆ ಅಕ್ಷರಗಳು ಮಾಯವಾಗಿ, ಹೆಸರುಗಳೆಲ್ಲ ಎಂದಿನಂತೆ ಕಂಡವು. ಮರುದಿನ ಮತ್ತೆ ಅದೇ ಸಾಲುಗಳು, ಮತ್ತೆ ಅದೇ ಗುಂಡಿ. ಕಂಪ್ಯೂಟರಿನ ಪೆಟ್ಟಿಗೆಯೊಳಗಿನಿಂದ ಕಟಕಟ ಸದ್ದೂ ಕೇಳತೊಡಗಿತು. ಅವನು ಆ ಗುಂಡಿಗೆ ಕುಂಕುಮ ಹಚ್ಚಿದನು.

ಹೆಂಡತಿ ಹೇಳಿದಳು: “ಅದು ದಿನಾ ಏನೋ ಹೇಳಾಕತ್ತೈತಿ. ಪ್ಯಾಟ್ಯಾಗ ರಿಪೇರಿ ಮಾಡೋ ಅಕ್ಕಾರಿಗೆ ಒಮ್ಮಿ ತೋರಸ್ರಿ.”

“ತೋರಿಸಿದ್ರ, ಕೆಟ್ಟೈತಿ ಅಂದ್ರ? ಪುಸ್ತಕ ಎಲ್ಲಾ ಹೊಳಿ ಪಾಲಾಗ್ಯಾವ. ನನಗ ಕೇಳೂ ಧೈರ್ಯ ಇಲ್ಲ, ಸುಮ್ಕಿರು.”

ಇಪ್ಪತ್ತು ದಿನ ಹೀಗೆ ಕಳೆಯಿತು. ಪ್ರತಿ ಬೆಳಿಗ್ಗೆ ಗುಂಡಿ ಒತ್ತಿ, ಮರುದಿನದವರೆಗೆ ಹೇಗೋ ಉಸಿರಾಡುತ್ತಿದ್ದನು. ಇಪ್ಪತ್ತೊಂದನೆಯ ದಿನ ಗುಂಡಿ ಒತ್ತಿದರೂ ಏನೂ ಕಾಣಲಿಲ್ಲ.

ಅಂದು ಪೆಟ್ಟಿಗೆ ಹೊತ್ತು ಪೇಟೆಗೆ ಓಡಿದನು. ರಿಪೇರಿಯ ಹೆಂಗಸು ಬಿಚ್ಚಿ ನೋಡಿದಳು. ಆಮೇಲೆ ಬಿಡಿಸಿ ಹೇಳಿದಳು. ಒಳಗೆ ಹಾರ್ಡ್ ಡಿಸ್ಕ್ ಎಂಬುದೊಂದು ಇರುತ್ತದೆ. ಬರೆದದ್ದೆಲ್ಲ ಉಳಿಯುವುದು ಅದರಲ್ಲೇ. ಅದು ಸಾಯುತ್ತಿದೆ, ಇಂದೇ ಬ್ಯಾಕಪ್ ಮಾಡಿಕೋ, ಅಂದರೆ ಬೇರೆ ಕಡೆ ಇನ್ನೊಂದು ಪ್ರತಿ ತೆಗೆದಿಡು ಎಂದು ಆ ನಾಲ್ಕು ಸಾಲು ಹೇಳುತ್ತಿದ್ದವು. ಅದನ್ನು ಓದಿಯೂ ಮುಂದೆ ಹೋಗುವವನು ಒತ್ತಲೆಂದು ಆ ಗುಂಡಿ ಇದ್ದಿತು. ಪ್ರತಿ ತೆಗೆಯುವುದು ಅರ್ಧ ಗಂಟೆಯ ಕೆಲಸ. ಮೊದಲ ದಿನವೇ ಬಂದಿದ್ದರೆ ಒಂದು ಹೆಸರೂ ಹೋಗುತ್ತಿರಲಿಲ್ಲ; ಈಗ ಡಿಸ್ಕ್ ಸತ್ತಿದೆ, ಒಂದೂ ಸಿಗದು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಆ ವರ್ಷವೂ ಹೆಳವ ಎತ್ತಿನ ಮೇಲೆ ಹೊರಟನು. ಮೊದಲ ಮನೆಯವರು ಕಂಬಳಿ ಹಾಸಿ, ಮಕ್ಕಳನ್ನು ಮುಂದೆ ಕೂರಿಸಿ, “ನಮ್ಮ ಹಿರೇರ ಹೆಸರು ಹೇಳ್ರಿ” ಎಂದರು. ಅವನು ಬಾಯಿ ತೆರೆದನು. ಮೂರು ತಲೆಮಾರಿನ ಆಚೆ ಒಂದು ಹೆಸರೂ ಬರಲಿಲ್ಲ. ಮನೆಯವರು ಕಾಯುತ್ತಲೇ ಇದ್ದರು.

ಶಿಷ್ಯನು ನಿಟ್ಟುಸಿರಿಟ್ಟು, “ಪಾಪ, ಮೊದಲ ದಿನವೇ ಕೇಳಬಾರದಿತ್ತೇ?” ಎಂದನು.

ಗುರುಗಳು ಅವನ ಮುಖವನ್ನೇ ನೋಡುತ್ತ ಹೇಳಿದರು: “ಆಸ್ಪತ್ರೆಯವರು ಕೊಟ್ಟ ಲಕೋಟೆಯನ್ನು ಒಡೆಯದೆ ಚೀಲದಲ್ಲಿಟ್ಟುಕೊಂಡು ತಿರುಗುತ್ತಿದ್ದೀಯಲ್ಲ, ಇಂದಿಗೆ ಎಷ್ಟು ದಿನವಾಯಿತು?”